ಹತ್ತು ಗ್ರಾಂ ಹಬೆ

ಹೈದರಾಬಾದ್
2-9-1972

ಚಿರಂಜೀವಿ ವಸಂತನಿಗೆ,

ಜೈಭೀಮ.

ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ಎಡಗೈಯಿಂದ ಬರೆಯುತ್ತಿದ್ದೇನೆ. ಬಲಗೈ ಸುಟ್ಟಿದೆ, ಬೆರಳಿನಿಂದ ಹಿಡಿದು ಮೊಣಕೈಯ ತನಕ.

ನಾನು ಕೆಲಸ ಮಾಡುವ ಲಾಂಡ್ರಿಯನ್ನು ನೀನು ನೋಡಿಲ್ಲ. ಹೋಟೆಲು, ದವಾಖಾನೆಗಳ ಚಾದರಗಳೆಲ್ಲ ಇಲ್ಲಿಗೆ ಬರುತ್ತವೆ. ಆಚೆ ಕೋಣೆಯಲ್ಲಿ ಬಾಯ್ಲರ್ ಇದೆ. ಅಲ್ಲಿಂದ ಕಬ್ಬಿಣದ ಪೈಪಿನಲ್ಲಿ ಹಬೆ ಬಂದು ನಮ್ಮ ತೊಟ್ಟಿಯ ನೀರನ್ನು ಕುದಿಸುತ್ತದೆ. ಆ ಪೈಪಿನ ಒಂದು ಕೀಲು ನಾನು ಸೇರಿದಾಗಿನಿಂದ ಸೋರುತ್ತಿತ್ತು. ಯಾರೂ ರಿಪೇರಿ ಮಾಡಿಸದ್ದರಿಂದ ನಾವು ಹೆಣ್ಣುಮಕ್ಕಳೇ ಅದಕ್ಕೆ ಗೋಣಿತಟ್ಟು ಸುತ್ತಿ ಮೇಲೆ ತಂತಿ ಬಿಗಿದಿದ್ದೆವು. ಮೊನ್ನೆ ಮಾಲಕರು ಬರುವವರಿದ್ದರು. ನಮ್ಮ ಕೆಲಸ ನೋಡಿಕೊಳ್ಳುವ ಮುಕಾದಮ ಬೀದರ ಕಡೆಯವನೇ. "ಆ ಹೊಲಸು ತಟ್ಟು ತೆಗೀರಿ, ಮಾಲಕರ ಕಣ್ಣಿಗಿ ಬಿದ್ರ ಏನಂತಾರ?" ಎಂದ. ಯಾರೂ ಏಳಲಿಲ್ಲ. ತಾನೇ ಬಿಚ್ಚಿ ಮೂಲೆಗೆ ಒಗೆದ.

ನಾನು ಚಾದರ ಎತ್ತಲು ಕೈ ಚಾಚಿದೆ, ಅಷ್ಟೇ. ಅಲ್ಲಿ ಏನೂ ಕಾಣುತ್ತಿರಲಿಲ್ಲ ವಸಂತ. ಹೊಗೆಯಾದರೂ ಕಂಡಿದ್ದರೆ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಇಸ್ತ್ರಿ ಮೇಜಿನ ಚಾಂದಬೀ ಓಡಿ ಬಂದು ನನ್ನ ಬಳೆ ಒಡೆದು ಕೈಯನ್ನು ತಣ್ಣೀರಲ್ಲಿ ಇಟ್ಟಳು. ಬಳೆ ಒಡೆಯುವಾಗ, "ತಪ್ಪು ತಿಳೀಬ್ಯಾಡ ಅಕ್ಕಾ, ನಿನ್ನ ಗಂಡ ನೂರು ವರ್ಷ ಇರ್ಲಿ" ಎಂದಳು. ಅಷ್ಟು ಉರಿಯಲ್ಲೂ ನನಗೆ ನಗು ಬಂತು.

ಆಮೇಲೆ ಮುಕಾದಮ ಬಂದು ಎಲ್ಲರ ಮುಂದೆ ಹೇಳಿದ ಮಾತು ಕೇಳು. "ಬರೇ ಹಬಿಗಿ ಇಷ್ಟು ಸುಡತದೇನು? ಹಬಿ ಅಂದ್ರ ಗಾಳಿ. ನೀ ಧ್ಯಾನ ಇಲ್ಲದ ಕುದಿಯೋ ನೀರಾಗ ಕೈ ಹಾಕೀದಿ, ಈಗ ಪೈಪಿನ ಮ್ಯಾಲ ತಪ್ಪು ಹೊರಸ್ಲಕತ್ತೀದಿ."

ನೀನು ಸಾಲಿಯಲ್ಲಿ ವಿಜ್ಞಾನ ಕಲಿಸುವವನು. ಹೇಳು, ಹಬೆಗೆ ಇಷ್ಟು ಸುಡುತ್ತದೆಯೋ ಇಲ್ಲವೋ? ನಾನು ಸುಳ್ಳು ಹೇಳುತ್ತಿದ್ದೇನೆಯೋ?

ಮಗಳು ಮೀರಾಗೆ, ಅವ್ವನ ಕೈಗೆ ಸ್ವಲ್ಪ ತಾಗಿದೆ ಎಂದಷ್ಟೇ ಹೇಳು. ಮಳೆ ಕೈಕೊಟ್ಟು ನಾನೂ ನಿನ್ನ ಭಾವನೂ ಇಲ್ಲಿಗೆ ಬಂದಾಗ ಅವಳನ್ನು ನಿನ್ನ ಮನೆಯಲ್ಲಿ ಬಿಟ್ಟದ್ದು ಓದಲಿ ಎಂದು. ನಮ್ಮ ಮನೆತನದಲ್ಲಿ ಹತ್ತನೆಯ ಪರೀಕ್ಷೆಗೆ ಕೂರುವ ಮೊದಲ ಹುಡುಗಿ. ಅವಳ ತಲೆಯಲ್ಲಿ ಇದು ಬೇಡ.

ನಿನ್ನ ಅಕ್ಕ,
ಜಾನಕಿ

✻

ಸಂತಪುರ
16-9-1972

ಪ್ರೀತಿಯ ಅಕ್ಕನಿಗೆ,

ಜೈಭೀಮ.

ನೀನು ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುತ್ತಿರುವವನು ನಿಮ್ಮ ಮುಕಾದಮ. ಅವನಿಗೆ ಗೊತ್ತಿಲ್ಲದಿದ್ದರೆ ಹೀಗೆ ಹೇಳು.

ಹಬೆ ಗಾಳಿಯಲ್ಲ. ಒಲೆಯ ಮೇಲೆ ಒಂದು ಚರಿಗೆ ನೀರು ಕುದಿಯಲು ಸ್ವಲ್ಪ ಕಟ್ಟಿಗೆ ಸಾಕು. ಅದೇ ನೀರು ಪೂರ್ತಿ ಹಬೆಯಾಗಿ ಚರಿಗೆ ಬರಿದಾಗಲು ಅದರ ಏಳೆಂಟು ಪಟ್ಟು ಕಟ್ಟಿಗೆ ಬೇಕು. ಆ ಬೆಂಕಿಯೆಲ್ಲ ಎಲ್ಲಿ ಹೋಯಿತು? ಹಬೆಯೊಳಗೆ ಅಡಗಿ ಕೂತಿತು. ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಹಬೆ ತಣ್ಣಗಿನದನ್ನು ಮುಟ್ಟಿದ ಕೂಡಲೇ ನೀರಾಗುತ್ತದೆ. ನೀರಾಗುವಾಗ ಅಡಗಿದ್ದನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ.

ಹತ್ತು ಗ್ರಾಂ ಎಂದಿಟ್ಟುಕೋ. ಎರಡು ಸಣ್ಣ ಚಮಚ ನೀರಿನಷ್ಟು. ಕುದಿಯುವ ನೀರೇ ಕೈಮೇಲೆ ಬಿದ್ದಿದ್ದರೆ, ನೂರು ಡಿಗ್ರಿಯಿಂದ ಮೈಯ ಮೂವತ್ತೇಳು ಡಿಗ್ರಿಗೆ ತಣಿಯುವಾಗ 630 ಕ್ಯಾಲೊರಿ ಕೊಡುತ್ತಿತ್ತು. ಅಷ್ಟೇ ಹಬೆ ಬಿದ್ದರೆ, ನೀರಾಗುವಾಗ ಗ್ರಾಂಗೆ 540ರಂತೆ ಮೊದಲು 5400. ಆಮೇಲೆ ಆ ನೀರು ತಣಿಯುವಾಗ 630. ಒಟ್ಟು 6030. ಹೆಚ್ಚುಕಡಿಮೆ ಹತ್ತು ಪಟ್ಟು.

ಮೀರಾಗೆ ನೀನು ಹೇಳಿದಷ್ಟೇ ಹೇಳಿದ್ದೇನೆ. ಇಲ್ಲಿ ತರಗತಿ ಅರ್ಧ ಖಾಲಿ. ಹಾಜರಿ ಕರೆದರೆ ಉತ್ತರ ಬರದ ಹೆಸರುಗಳೇ ಹೆಚ್ಚು. ಉಳಿದ ಮಕ್ಕಳು ಬೆಳಗ್ಗೆ ತಾಯಂದಿರ ಜೊತೆ ಬರಗಾಲದ ಕಾಮಗಾರಿಯಲ್ಲಿ ಖಡಿ ಕಲ್ಲು ಒಡೆದು ಕೈಯೆಲ್ಲ ಧೂಳು ಮಾಡಿಕೊಂಡು ಬರುತ್ತಾರೆ. ನನಗೆ ರಜೆ ಸಿಕ್ಕುವುದಿಲ್ಲ, ನಿನ್ನನ್ನು ನೋಡಲು ಬರಲಾಗುತ್ತಿಲ್ಲ.

ನಿನ್ನ ತಮ್ಮ,
ವಸಂತ

✻

ಹೈದರಾಬಾದ್
5-11-1972

ವಸಂತ,

ನಿನ್ನೆ ನಮ್ಮೂರ ಕಾಶೀರಾಮ ಮಕ್ಕಳನ್ನು ಕಟ್ಟಿಕೊಂಡು ಕೆಲಸ ಹುಡುಕುತ್ತ ಇಲ್ಲಿಗೆ ಬಂದ. ಸಂತಪುರದವರು, ಭಾಲ್ಕಿ ಕಡೆಯವರು, ಎಲ್ಲ ಸೇರಿ ನಮ್ಮ ಖೋಲಿಯ ಮುಂದೆ ಕೂತಿದ್ದೆವು. ಊರ ಮುಖ ಕಂಡಿತೆಂದು ನನಗೆ ಖುಷಿ. ಚಹಾ ಕಾಸಿದೆ. ಅವನು ನನ್ನ ಕೈ ನೋಡಿ, ಬಾಯಿ ತುಂಬ ನಕ್ಕು ಏನಂದ ಗೊತ್ತೇ?

"ಜಾನಕಿಬಾಯಿ, ನಿಮ್ಮ ಕೈ ನಮ್ಮ ಹುಡುಗನ ಪರೀಕ್ಷಾದಾಗ ಬಂದಿತ್ತು ನೋಡ್ರಿ! ಹತ್ತು ಮಾರ್ಕಿಂದು!"

ಎಲ್ಲರೂ ನಕ್ಕರು. ನನಗೆ ತಿಳಿಯಲಿಲ್ಲ, ನಾನೂ ನಕ್ಕೆ. "ಹ್ಯಾಂಗ ಬಂದಿತ್ತರೀ?" ಎಂದೆ. ಅವನು ಬಿಡಿಸಿ ಹೇಳಿದ. ವಸಂತ ಮಾಸ್ತರರು ಅರ್ಧ ವರ್ಷದ ಸಹಾಮಾಹಿ ಪರೀಕ್ಷೆಯಲ್ಲಿ ಒಂದು ಲೆಕ್ಕ ಹಾಕಿದ್ದರು, ಹೈದರಾಬಾದಿನ ಲಾಂಡ್ರಿಯ ಹೆಣ್ಣುಮಗಳ ಕೈಮೇಲೆ ಹಬೆ ಬಿದ್ದದ್ದು, ಉತ್ತರ ಆರು ಸಾವಿರದ ಮೂವತ್ತು ಎಂದು. ಆಮೇಲೆ ತನ್ನ ಮಗನನ್ನೇ ಮುಂದೆ ಎಳೆದು, "ಹೇಳೋ, ಮೀರಾಗ ಏನಂತ ಕರೀತೀರಿ?" ಎಂದು ಕೇಳಿದ. ಆ ಹುಡುಗ ನೆಲ ನೋಡಿದ. ಅವನಪ್ಪನೇ ಹೇಳಿದ: "ಆರು ಸಾವಿರದ ಮೂವತ್ತು ಅಂತಾರರಿ. ಏ ಆರು ಸಾವಿರದ ಮೂವತ್ತು, ನೀರಿಗಿ ಬಾ ಅಂತಾರ!"

ನನ್ನ ನಗು ಮುಖದ ಮೇಲೇ ನಿಂತುಬಿಟ್ಟಿತು. ತೆಗೆಯಲೂ ಆಗಲಿಲ್ಲ.

ಮೀರಾಗೆ ಹೇಳಬೇಡ ಎಂದಿದ್ದೆ. ನೀನು ಹೇಳಲಿಲ್ಲ, ಸರಿ. ಪರೀಕ್ಷೆಯಲ್ಲಿ ಕೂರಿಸಿ ಅವಳ ಕೈಯಿಂದಲೇ ಅವಳ ಅವ್ವನ ಸುಡುವಿಕೆಯನ್ನು ಗುಣಿಸಿ ಕೂಡಿಸುವಂತೆ ಮಾಡಿದೆ. ಆ ಕೂಸು ಪೆನ್ನು ಹಿಡಿದು ಉತ್ತರದ ಕೆಳಗೆ ಎರಡು ಗೆರೆ ಎಳೆಯುವಾಗ ನೀನು ಎಲ್ಲಿದ್ದೆ? ಬೆಂಚುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದೆ ಅಲ್ಲವೇ?

ನನ್ನ ಕೈ ನೋಯುತ್ತದೆಯೇ ಎಂದು ನಿನ್ನ ಕಾಗದದಲ್ಲಿ ಒಂದು ಮಾತು ಇರಲಿಲ್ಲ. ಕ್ಯಾಲೊರಿ ಇತ್ತು. ಆಗ ನುಂಗಿಕೊಂಡೆ.

ಮುಕಾದಮ ವಾರವಾರವೂ ಹೇಳುತ್ತಿದ್ದಾನೆ, "ನಿನ್ನ ಕೈಲೆ ಆಗಂಗಿಲ್ಲ, ನಿನ್ನ ಜಾಗಾದಾಗ ಮಗಳಿಗಿ ತಾ" ಎಂದು. ಇಲ್ಲಿಯ ತನಕ ಆಗುವುದಿಲ್ಲ ಎಂದೆ. ಈಗ ತರುತ್ತೇನೆ. ಇಲ್ಲಿ ಅವಳನ್ನು ನೋಡಿ ಯಾರೂ ನಗುವುದಿಲ್ಲ. ಅವಳ ಬಟ್ಟೆಬರೆ ಕಟ್ಟಿಡಲು ನಿನ್ನ ಹೆಂಡತಿ ಅನುಸೂಯಾಗೆ ಹೇಳು. ಸಾಯಗಾಂವದಲ್ಲಿ ನನ್ನ ಅತ್ತೆಯನ್ನು ಮಾತಾಡಿಸಿಕೊಂಡು ಅಲ್ಲಿಗೆ ಬರುತ್ತೇನೆ.

ಜಾನಕಿ

✻

ಸಂತಪುರ
13-11-1972

ಅಕ್ಕ,

ನೀನು ಜೈಭೀಮ ಬರೆಯಲಿಲ್ಲ. ನಾನೂ ಬರೆಯುವುದಿಲ್ಲ.

ನಾನು ನಿನ್ನ ಹೆಸರು ಹಾಕಿಲ್ಲ. ನನ್ನ ಲೆಕ್ಕಗಳು ನಿನಗೆ ಗೊತ್ತಿಲ್ಲದವೇ? ಪುಸ್ತಕದಲ್ಲಿ ಯಾರೋ ರಾಮ, ಯಾರೋ ಸೋಮ. ಮಕ್ಕಳ ತಲೆಗೆ ಹೋಗುವುದಿಲ್ಲ. ಅದಕ್ಕೇ ನಮ್ಮೂರ ಪಂಢರಿಯ ಬಾವಿಯ ಮೋಟಾರು, ಸಖುಬಾಯಿಯ ರೊಟ್ಟಿ ಹಂಚು, ಔರಾದ ಬಸ್ಸಿನ ವೇಗ ಲೆಕ್ಕಕ್ಕೆ ತರುತ್ತೇನೆ. ಸಖುಬಾಯಿ ದಾರಿಯಲ್ಲಿ ನಿಲ್ಲಿಸಿ, "ಮಾಸ್ತರ್ರ, ನನ್ನ ಹಂಚು ಎಷ್ಟು ಡಿಗ್ರಿಗಿ ಬಂತರೀ?" ಎಂದು ಕೇಳಿ ನಗುತ್ತಾಳೆ. ಇಪ್ಪತ್ತು ವರ್ಷ ಹಿಂದೆ ನನಗೆ ಯಾರಾದರೂ ಹೀಗೆ ಕಲಿಸಿದ್ದರೆ!

ನಿನಗೊಬ್ಬಳಿಗೇ ಸಿಟ್ಟು ಬರುತ್ತದೆ ಎಂದು ತಿಳಿದಿದ್ದೀಯಾ? ನಿನ್ನ ಕಾಗದ ಬಂದ ದಿನ ನಾನು ಆ ಲೆಕ್ಕ ಮಾಡಿ, ಉತ್ತರ ನೋಡಿ, ಎದ್ದು ಹೋಗಿ ಮತ್ತೆ ಬಂದು ಮಾಡಿದೆ. ಅದೇ ಬಂತು. ನಾನು ಆ ಮುಕಾದಮನ ಕೊರಳಪಟ್ಟಿ ಹಿಡಿಯಲಾರೆ. ನನಗೆ ಬರುವುದು ಲೆಕ್ಕ ಒಂದೇ. ಇಡೀ ತರಗತಿ ಅದೇ ಉತ್ತರಕ್ಕೆ ಬಂದು ತಲುಪಲಿ, ಬೆಚ್ಚಿ ಬೀಳಲಿ, ಯಾರು ಇದನ್ನು ಮಾಡಿದ್ದು ಎಂದು ಕೇಳಲಿ ಎಂದುಕೊಂಡೆ. ಅವರು ಮಾರ್ಕು ತೆಗೆದುಕೊಂಡು ಮನೆಗೆ ಹೋದರು. ಅದಕ್ಕೆ ನಾನೇನು ಮಾಡಲಿ?

ಮೀರಾಳನ್ನು ಎಲ್ಲಿಗೆ ಒಯ್ಯುತ್ತೀ? ಆ ಪೈಪಿನ ಬುಡಕ್ಕೆ? ಅದು ರಿಪೇರಿ ಆಗಿದೆಯೇ? ಬರೆದಿಲ್ಲವಲ್ಲ! ಆ ಪೈಪಿಗಿಂತ ಇಲ್ಲಿಯ ಹುಡುಗರ ಚೇಷ್ಟೆ ಹೆಚ್ಚು ಸುಡುತ್ತದೆಯೇ? ಭಾವ ಒಪ್ಪಿದ್ದಾರೆಯೇ? ಅವರು ಯಾವುದಕ್ಕೆ ತಾನೇ ಬೇಡ ಎಂದಾರು?

ಬಟ್ಟೆಬರೆ ಯಾರೂ ಕಟ್ಟುವುದಿಲ್ಲ. ಬರುವುದಾದರೆ ಬಾ. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ.

ವಸಂತ

✻

ಹೈದರಾಬಾದ್
22-11-1972

ವಸಂತ,

ನಿನ್ನ ಭಾವನ ಮಾತು ತೆಗೆಯಬೇಡ. ನನ್ನ ಕೈ ಕಟ್ಟು ಬಿಚ್ಚಿ ತೊಳೆಯುವವರು ಅವರು.

ಮೀರಾಗೆ ಕಾಗದ ಹಾಕಿ ಆ ಪ್ರಶ್ನೆಪತ್ರಿಕೆಯನ್ನೇ ತರಿಸಿಕೊಂಡೆ. ಏಳನೆಯ ಪ್ರಶ್ನೆ. ನೀನೇ ಬರೆದದ್ದು, ಇನ್ನೊಮ್ಮೆ ಓದು:

"ಹೈದರಾಬಾದಿನ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುವ ಸಂತಪುರದ ಮಹಿಳೆಯೊಬ್ಬಳ ಕೈಮೇಲೆ, ಆಕೆಯ ಅಜಾಗರೂಕತೆಯಿಂದಾಗಿ, ನೂರು ಡಿಗ್ರಿಯ ಹತ್ತು ಗ್ರಾಂ ಹಬೆ ಬಿದ್ದು, ನೀರಾಗಿ, ಮೂವತ್ತೇಳು ಡಿಗ್ರಿಗೆ ತಣಿದರೆ, ಒಟ್ಟು ಬಿಡುಗಡೆಯಾಗುವ ಶಾಖವೆಷ್ಟು?"

ಆಕೆಯ ಅಜಾಗರೂಕತೆಯಿಂದಾಗಿ.

ಲೆಕ್ಕಕ್ಕೆ ಅದು ಬೇಕಿತ್ತೇ? ಅದನ್ನು ತೆಗೆದರೆ ಉತ್ತರ ಕಡಿಮೆಯಾಗುತ್ತಿತ್ತೇ? ತಟ್ಟು ಬಿಚ್ಚಿದವನು ಯಾರು ಎಂದು ನಾನು ನಿನಗೊಬ್ಬನಿಗೇ ಬರೆದಿದ್ದೆ. ಇನ್ನಾರಿಗೂ ಬರೆದಿರಲಿಲ್ಲ. ನಿನ್ನ ಕಾಗದದಲ್ಲಿ ನೀನು, ಅಕ್ಕ ಸುಳ್ಳು ಹೇಳುತ್ತಿಲ್ಲ ಎಂದೆ. ಪ್ರಶ್ನೆಪತ್ರಿಕೆಯಲ್ಲಿ ತಪ್ಪು ನನ್ನದೇ ಎಂದೆ. ಮುಕಾದಮನಿಗೆ ಬಾಯಿ ಒಂದೇ ವಸಂತ. ನಿನಗೆ ಎರಡು.

ಹುಡುಗರು ನಕ್ಕದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಊರಿಗೆ ಊರೇ ಲೆಕ್ಕ ಬಿಡಿಸಿತು, ಆ ಮಾತನ್ನು ಯಾರೂ ಹೊಡೆದು ಹಾಕಲಿಲ್ಲ. ಅದಕ್ಕೆ ಸಿಟ್ಟು.

ಕೈ ಸ್ವಲ್ಪ ಮಡಚಲು ಬಂದ ಮೇಲೆ ಬರುತ್ತೇನೆ. ಬಾಗಿಲಲ್ಲಿ ನಿಂತಿರು.

ಜಾನಕಿ

✻

ಸಂತಪುರ
17-12-1972

ಅವ್ವ,

ಜೈಭೀಮ. ಮಾಮಾ ನಿನ್ನ ಕಾಗದಕ್ಕೆ ಉತ್ತರ ಬರೆದಿಲ್ಲ ಎಂದು ಅನುಸೂಯಾ ಅತ್ತೆ ಹೇಳಿದಳು. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಮಾಮಾನ ಜೊತೆ ಮನೆಯಲ್ಲಿ ಮಾತು ಬಿಟ್ಟಿದ್ದೇನೆ. ರೊಟ್ಟಿ ಬೇಕಾದರೆ ಅತ್ತೆಗೆ ಹೇಳುತ್ತೇನೆ, ಅತ್ತೆ ಅವರಿಗೆ ಹೇಳುತ್ತಾಳೆ. ಬರಗಾಲಕ್ಕೆ ಹಂಚಿದ ಅಮೆರಿಕದ ಕೆಂಪು ಜೋಳದ ರೊಟ್ಟಿ. ಅದರ ಮೇಲೂ ಸಿಟ್ಟು ಬರುತ್ತದೆ.

ಪರೀಕ್ಷೆಯ ದಿನ ಏನಾಯಿತು ಎಂದು ನಿನಗೆ ಯಾರೂ ಹೇಳಿಲ್ಲ. ಏಳನೆಯ ಪ್ರಶ್ನೆ ಓದಿದ ಕೂಡಲೇ ನೀನೇ ಎಂದು ತಿಳಿಯಿತು. ಸ್ವಲ್ಪ ತಾಗಿದೆ ಎಂದಿದ್ದರಲ್ಲ, ಎಷ್ಟು ಸ್ವಲ್ಪ ಎಂದು ನೋಡೋಣ ಎಂದು ಲೆಕ್ಕ ಮಾಡಿದೆ. 5400 ಬಂದಾಗ ಪೆನ್ನು ಕೆಳಗಿಟ್ಟೆ. ತಣಿಯುವುದು ಇನ್ನೂ ಬಾಕಿ ಇತ್ತು. ಮತ್ತೆ ಎತ್ತಿಕೊಂಡೆ. 630 ಕೂಡಿಸಿದೆ. ಉತ್ತರದ ಕೆಳಗೆ ಬರೆದೆ: "ಅಜಾಗರೂಕತೆ ಆಕೆಯದೇ ಎನ್ನಲು ಪ್ರಶ್ನೆಯಲ್ಲಿ ಆಧಾರ ಕೊಟ್ಟಿಲ್ಲ."

ಮಾಮಾ ಹತ್ತಕ್ಕೆ ಒಂಬತ್ತು ಕೊಟ್ಟರು. ಕೇಳದ್ದನ್ನು ಬರೆದದ್ದಕ್ಕೆ ಒಂದು ಕಳೆದಿದ್ದರು.

ನಿನ್ನ ಕಾಗದ ಬಂದು ನಾಲ್ಕೈದು ದಿನ ಮಾಮಾ ಮಂಕಾಗಿದ್ದರು. ಹೋದ ಸೋಮವಾರ ತರಗತಿಗೆ ಬಂದು ಏಳನೆಯ ಪ್ರಶ್ನೆಯನ್ನು ಹಲಗೆಯ ಮೇಲೆ ಪೂರ್ತಿ ಬರೆದರು. ಆಮೇಲೆ "ಆಕೆಯ ಅಜಾಗರೂಕತೆಯಿಂದಾಗಿ" ಎಂಬುದನ್ನು ಅಂಗೈಯಿಂದ ಒರೆಸಿದರು. ಅಲ್ಲಿ ಬಿಳಿ ಕಲೆ ಉಳಿಯಿತು. "ಇಲ್ಲಿ ನಾ ಸುಳ್ಳು ಬರ್ದಿದ್ದೆ. ಆ ಪೈಪಿನ ಕೀಲಿಗಿ ಹೆಣ್ಣುಮಕ್ಕಳು ತಟ್ಟು ಸುತ್ತಿದ್ದರು. ಮಾಲಕರ ಕಣ್ಣಿಗಿ ಚಂದ ಕಾಣ್ಲಿ ಅಂತ ಮುಕಾದಮ ಬಿಚ್ಚಿದ. ಈಗ ಹೇಳ್ರಿ, ಏನು ಬರೀಬೇಕು?" ಎಂದರು.

ಒಬ್ಬ ಹುಡುಗ, "ಪೈಪು ಸೋರ್ತಿತ್ತು ಅಂತ ಬರೀರಿ ಸರ್" ಎಂದ. ಇನ್ನೊಬ್ಬ, "ಏ, ಪೈಪಿಗಿ ತನ್ನಷ್ಟಕ್ಕ ತಾ ತಟ್ಟು ಬಿಚ್ಚಲಾಕ ಬರ್ತದೇನಲೇ? ಮುಕಾದಮ ಅಂತ ಬರೀರಿ" ಎಂದ. ಹಿಂದಿನ ಬೆಂಚಿನಿಂದ, "ಮಾಲಕ ಮೊದಲೇ ರಿಪೇರಿ ಮಾಡ್ಸಿದ್ರ ತಟ್ಟೇ ಬೇಕಿರ್ಲಿಲ್ಲಲ್ಲ ಸರ್!" ಜಗಳ ಶುರುವಾಯಿತು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಮಾಮಾ ಎಲ್ಲರ ಮುಂದೆ ನನ್ನ ಉತ್ತರಪತ್ರಿಕೆ ತೆಗೆದು ಒಂಬತ್ತನ್ನು ಹೊಡೆದು ಹತ್ತು ಮಾಡಿದರು. ಆ ಒಂದು ಮಾರ್ಕು ನನಗೆ ಬೇಡ ಎಂದೆ. ತರಗತಿಯಲ್ಲಿ ಮಾತಾಡಲೇಬೇಕಲ್ಲ.

ಹುಡುಗರು ಈಗಲೂ ಆರು ಸಾವಿರದ ಮೂವತ್ತು ಎಂದೇ ಕರೆಯುತ್ತಾರೆ. "ಅದು ಹತ್ತು ಗ್ರಾಂಗೆ. ಒಂದು ಗ್ರಾಂಗೆ ಎಷ್ಟು, ಹೇಳು ನೋಡೋಣ" ಎನ್ನುತ್ತೇನೆ. ಅರ್ಧ ಜನಕ್ಕೆ ಬರುವುದಿಲ್ಲ. ಓಡಿಹೋಗುತ್ತಾರೆ.

ಅವ್ವ, ನಾನು ಹೈದರಾಬಾದಿಗೆ ಬರುವುದಿಲ್ಲ. ಮಾಮಾ ಬಾಗಿಲಲ್ಲಿ ನಿಲ್ಲುವುದೇನೂ ಬೇಕಿಲ್ಲ; ನಾನೇ ಬರುವುದಿಲ್ಲ. ನಿನ್ನ ಜಾಗದಲ್ಲಿ ನಿಂತರೆ ನನ್ನ ಕೈಮೇಲೆ ಎಷ್ಟು ಗ್ರಾಂ ಬೀಳಬೇಕು ಎಂದು ನೀನು ಲೆಕ್ಕ ಹಾಕಿದ್ದೀ? ನನ್ನನ್ನು ಕರೆದೊಯ್ಯುತ್ತೇನೆ ಎಂದು ಸಿಟ್ಟಿನಲ್ಲಿ ಬರೆದೆಯೋ, ನಿಜವಾಗಿ ಬರೆದೆಯೋ, ನನಗೆ ಗೊತ್ತಾಗಬೇಕು. ಸಿಟ್ಟಿನಲ್ಲಿ ಬರೆದಿದ್ದರೆ ಏನೂ ಬರೆಯಬೇಡ, ತಿಳಿದುಕೊಳ್ಳುತ್ತೇನೆ.

ನೋಯುತ್ತದೆಯೇ?

ನಿನ್ನ ಮಗಳು,
ಮೀರಾ

✻

ಸಂತಪುರ
20-1-1973

ಅಕ್ಕನಿಗೆ,

ಮೀರಾ ಬರೆದಿರುತ್ತಾಳೆ. ಅವಳು ಬರೆದದ್ದಕ್ಕೆ ನಾನು ಸೇರಿಸುವಂಥದ್ದು ಕಡಿಮೆ.

ಆ ಮಾತು ಹೇಗೆ ಬಂತೆಂದು ಹುಡುಕುತ್ತ ನಮ್ಮ ಪಠ್ಯಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಲಾರಿ ಉರುಳುತ್ತದೆ, ಚಾಲಕನ ಅಜಾಗರೂಕತೆಯಿಂದ. ಏಣಿ ಜಾರುತ್ತದೆ, ಕೂಲಿಯವನ ಅಜಾಗರೂಕತೆಯಿಂದ. ಪುಸ್ತಕದ ಲೆಕ್ಕಗಳಲ್ಲಿ ಕೆಲಸ ಮಾಡುವವನು ಯಾವಾಗಲೂ ಅಜಾಗರೂಕ. ಮಾಲಕನಿಗೆ ಲೆಕ್ಕದಲ್ಲಿ ಪ್ರವೇಶವೇ ಇಲ್ಲ. ನಾನು ಅದನ್ನೇ ಕಲಿತೆ, ಅದನ್ನೇ ಬರೆದೆ, ಅಕ್ಕನ ಕೈ ಎಂದು ಗೊತ್ತಿದ್ದೂ ಬರೆದೆ. ನನಗೆ ಈಗ ನನ್ನ ಮೇಲೇ ಬರುತ್ತಿರುವ ಸಿಟ್ಟಿಗೆ ಯಾವ ಸೂತ್ರವೂ ಇಲ್ಲ.

ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಆ ಲೆಕ್ಕವನ್ನು ಮತ್ತೆ ಹಾಕಬೇಕೆಂದಿದ್ದೇನೆ, ಸರಿಯಾಗಿ. ನೀನು ಬೇಡ ಎಂದರೆ ಹಾಕುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. "ಮಹಿಳೆಯೊಬ್ಬಳು" ಎಂದು ಇನ್ನು ಬರೆಯಲಾರೆ.

ಬೀದರಿನ ದೊಡ್ಡ ದವಾಖಾನೆಯಲ್ಲಿ ಸುಟ್ಟು ಮುರುಟಿದ ಕೈಯ ಬೆರಳು ಬಿಡಿಸುವ ಡಾಕ್ಟರು ಇದ್ದಾರಂತೆ. ನೀನು ಬಂದರೆ ರಜೆ ಸಿಗಲಿ ಬಿಡಲಿ, ಸಾಲಿನಲ್ಲಿ ನಾನು ನಿಲ್ಲುತ್ತೇನೆ.

ನೋಯುತ್ತದೆಯೇ ಅಕ್ಕ?

ವಸಂತ

✻

ಹೈದರಾಬಾದ್
4-2-1973

ವಸಂತನಿಗೆ,

ಜೈಭೀಮ.

ನೋಯುತ್ತದೆ. ಚಳಿಯ ದಿನಗಳಲ್ಲಿ ಹೆಚ್ಚು. ಇದನ್ನು ಕೇಳಲು ನೀನು ಐದು ತಿಂಗಳು ತೆಗೆದುಕೊಂಡೆ.

ಮೀರಾ ಅಲ್ಲೇ ಇರಲಿ. ಅವಳಿಗೆ ನಾನು ಬೇರೆ ಕಾಗದ ಬರೆದಿಲ್ಲ. ಅವಳೇ ಹೇಳಿದಳಲ್ಲ, ಬರೆಯದಿದ್ದರೆ ತಿಳಿದುಕೊಳ್ಳುತ್ತೇನೆ ಎಂದು. ತಿಳಿದುಕೊಳ್ಳಲಿ.

ಇಲ್ಲಿ ನಡೆದದ್ದನ್ನು ಕೇಳು. ಮುಕಾದಮ ಮತ್ತೆ ಬಂದು, "ಮಗಳಿಗಿ ಯಾವಾಗ ತರ್ತೀದಿ?" ಎಂದ. ಅವಳ ಪರೀಕ್ಷೆ ಇದೆ, ತರುವುದಿಲ್ಲ ಎಂದೆ. "ಅಕ್ಷರ ಕಲ್ತು ಏನು ಮಾಡ್ತಾಳ, ಕಲೆಕ್ಟರ್ ಆಗ್ತಾಳೇನು?" ಎಂದ. ನನ್ನ ಒಳಗೆ ಎಲ್ಲಿಂದ ಬಂತೋ, "ಆಗ್ಲಿಕ್ಕೂ ಸೈ. ಮೊದಲ ಆ ಪೈಪು ರಿಪೇರಿ ಮಾಡಸ್ರಿ. ಅಲ್ಲೀತನಕ ನಾವ್ಯಾರೂ ತೊಟ್ಟಿಗಿ ಚಾದರ ಹಾಕಂಗಿಲ್ಲ" ಎಂದೆ. ಚಾಂದಬೀ ಇಸ್ತ್ರಿ ನಿಲ್ಲಿಸಿ ನನ್ನ ಪಕ್ಕ ಬಂದು ನಿಂತಳು. ಅವಳ ಹಿಂದೆ ಬಿಸ್ಮಿಲ್ಲಾಬೀ. ಒಬ್ಬೊಬ್ಬರಾಗಿ ಎಲ್ಲ ಹೆಣ್ಣುಮಕ್ಕಳೂ.

ಅವನು ನಕ್ಕ. "ಎಷ್ಟು ಸಲ ಹೇಳ್ಬೇಕು ನಿಮಗ? ಹಬಿ ಅಂದ್ರ ಗಾಳಿ."

ನಾನು ನಿನ್ನ ಆರು ಸಾವಿರದ ಮೂವತ್ತು ಹೇಳಿದೆ. ಅದಕ್ಕೂ ನಕ್ಕ. ಆಗ ಹೇಳಿದೆ: "ಗಾಳಿನೇ ಇದ್ರ, ಬರ್ರಿ. ನಿಮ್ಮ ಕೈ ಇಲ್ಲಿ ಇಡ್ರಿ. ನಾ ಇಟ್ಟಲ್ಲೇ ಇಡ್ರಿ."

ಅವನು ಇಡಲಿಲ್ಲ.

ಎಲ್ಲರೂ ಅವನ ಕೈ ನೋಡುತ್ತಿದ್ದೆವು. ಅವನೂ ತನ್ನ ಕೈ ನೋಡಿಕೊಂಡ. ಆಮೇಲೆ ಅದನ್ನು ಜೇಬಿನಲ್ಲಿ ಹಾಕಿಕೊಂಡು ಹೊರಗೆ ಹೋದ. ಚಾಂದಬೀ ಹಿಂದಿನಿಂದ, "ಮುಕಾದಮ ಸಾಬ್, ಗಾಳಿಗಿ ಹೆದರ್ತೀರೇನ್ರಿ?" ಎಂದು ಕೂಗಿದಳು. ಚಾದರಗಳು ರಾಶಿ ಬಿದ್ದವು. ಹೋಟೆಲಿನವರು ಬಂದು ಮಾಲಕರ ಮೇಲೆ ಕೂಗಾಡಿದರು. ಕೊನೆಗೆ ಮಿಸ್ತ್ರಿ ಬಂದ, ಹೊಸ ಕೀಲು ಬಿತ್ತು.

ನನ್ನ ಕೈ ಅದರಿಂದ ಮೊದಲಿನಂತೆ ಆಗುವುದಿಲ್ಲ. ಅದನ್ನು ಮರೆಯಬೇಡ.

ಲೆಕ್ಕ ಹಾಕು. ಹೆಸರು ನನ್ನದೇ ಬರೆ: ಜಾನಕಿಬಾಯಿ, ನರಸಿಂಗನ ಹೆಂಡತಿ, ಸಂತಪುರದ ಮಗಳು, ಸಾಯಗಾಂವದ ಸೊಸೆ. ತಟ್ಟು ಬಿಚ್ಚಿದವನನ್ನೂ ಬರೆ, ರಿಪೇರಿ ಮಾಡಿಸದ ಮಾಲಕನನ್ನೂ ಬರೆ. ಪ್ರಶ್ನೆ ಉದ್ದವಾಗುತ್ತದೆ ಎಂದರೆ ಆಗಲಿ. ಮೀರಾಗೆ ಒಂದು ಮಾರ್ಕನ್ನೂ ಪುಕ್ಕಟೆ ಕೊಡಬೇಡ, ಒಂದನ್ನೂ ಕಳೆಯಬೇಡ.

ನನ್ನ ಸಿಟ್ಟು ಹೋಯಿತೆಂದು ತಿಳಿಯಬೇಡ. ನೀನೇ ಕಲಿಸಿದೆಯಲ್ಲ, ಹಬೆ ನೀರಾದ ಮೇಲೂ ನೂರು ಡಿಗ್ರಿಯಲ್ಲೇ ಇರುತ್ತದೆ ಎಂದು. ಈಗ ನೀರಾಗಿದೆ. ತಣಿಯುವುದು ಬಾಕಿ ಇದೆ. ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ. ಬೀದರಿನ ಸಾಲಿನಲ್ಲಿ ನಿಲ್ಲುತ್ತೇನೆ ಎಂದೆಯಲ್ಲ, ನಿಲ್ಲು. ಅಲ್ಲಿ ಮಾತಾಡೋಣ.

ಕಾಗದ ಬರೆದದ್ದು ಎಡಗೈ. ಕೆಳಗಿನ ಹೆಸರನ್ನು ಬಲಗೈಯಿಂದ ಬರೆಯುತ್ತಿದ್ದೇನೆ. ತುಂಬ ಹೊತ್ತು ಹಿಡಿಯಿತು. ಓದಲು ಬರದಿದ್ದರೆ ಮೀರಾಗೆ ಕೇಳು.

ನಿನ್ನ ಅಕ್ಕ,
ಜಾನಕಿ